ಏಳನೇ ಕಾರ್ಡು

ಪರೀಕ್ಷೆ ನಡೆಯುವಾಗ ಕಂಪ್ಯೂಟರ್ ಬಾಯಿ ಬಿಡಬಾರದು ಅನ್ನುವುದು ಸ್ವಪ್ನಿಲ್‌ನ ಮೊದಲನೇ ನಿಯಮ. ಕಂಪ್ಯೂಟರ್ ಅಂದರೆ ಯಂತ್ರ ಅಲ್ಲ ಮತ್ತೆ, ನಮ್ಮ ಧನಕವಡಿಯ ಮಾಧುರಿ. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಮನೆಯಲ್ಲಿ ಬೆಳಗಾವಿ ಕಡೆಯ ಕನ್ನಡ, ಹೊರಗೆ ಹರಿಯುವ ನೀರಿನಂಥ ಮರಾಠಿ. ಹಿಂಜವಾಡಿಯ ಆಫೀಸಿನ ಆ ಕೋಣೆಯೊಳಗೆ ಕೂತಳೆಂದರೆ ಮಾತ್ರ ಎರಡೂ ಬಂದ್.

ಅಲ್ಲೊಂದು ಆ್ಯಪ್ ತಯಾರಾಗುತ್ತಿತ್ತು. ನೀವು ಬರೆದ ಚಿತ್ರದ ಫೋಟೊ ಹಾಕಿದರೆ ಪಳಗಿದ ಕಲಾವಿದರು ನೋಡಿ, ಎಲ್ಲಿ ಚೆನ್ನಾಗಿದೆ, ಎಲ್ಲಿ ಕೆಟ್ಟಿದೆ ಅಂತ ಬರೆದು ಕಳಿಸುತ್ತಾರೆ. ಕೇಳಲಿಕ್ಕೆ ಚೆಂದ. ಆದರೆ ಆ್ಯಪ್ ಇನ್ನೂ ಹುಟ್ಟಿರಲಿಲ್ಲ, ಕಲಾವಿದರಂತೂ ಒಬ್ಬರೂ ಇರಲಿಲ್ಲ. ಇದ್ದದ್ದು ಹನ್ನೆರಡು ರಟ್ಟಿನ ಕಾರ್ಡು, ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಬರೆದ ಫೋನಿನ ಪರದೆ. ಬಂದವರು ಕಾಗದದ ಮೇಲಿನ ಬಟನ್ನನ್ನು ಬೆರಳಿಂದ ಒತ್ತಬೇಕು, ಎದುರು ಕೂತ ಮಾಧುರಿ ಆ ಕಾರ್ಡು ತೆಗೆದು ಮುಂದಿನದು ಇಡಬೇಕು. ಕೋಟಿಗಟ್ಟಲೆ ಸುರಿದು ಆ್ಯಪ್ ಕಟ್ಟುವ ಮೊದಲು ಕಾಗದದಲ್ಲೇ ತಪ್ಪು ಹಿಡಿಯುವ ಉಪಾಯ ಇದು.

ಸ್ವಪ್ನಿಲ್ ಅವಳ ಟೀಮಿನ ಮುಖ್ಯಸ್ಥ. ಅವನ ಎರಡನೇ ನಿಯಮ ಸ್ಟಾಪ್‌ವಾಚಿನದು. "ಜನ ಬಾಯಲ್ಲಿ ಹೇಳೋದನ್ನ ನಂಬಬೇಡಿ. ಎಷ್ಟು ಸೆಕೆಂಡು ತಡೀತಾರೆ ಅದನ್ನ ನೋಡಿ. ತಟ್ಟನೆ ಬಂದದ್ದು ನಿಜ. ತಡೆದು ಬಂದದ್ದು ಬರೀ ಮರ್ಯಾದೆಗೆ," ಅಂತ ಮರಾಠಿಯಲ್ಲಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ.

ಕಾರ್ಡುಗಳ ಮೇಲಿನ ಮಾತೆಲ್ಲ ಮಾಧುರಿಯೇ ಬರೆದದ್ದು. ಏಳನೇ ಕಾರ್ಡು ಕಟುವಾಗಿರಬೇಕು ಅಂತ ಸ್ವಪ್ನಿಲ್ ಹೇಳಿದ್ದ. ಕಟುವಾದ ಮಾತು ಓದಿದ ಮೇಲೆ ಜನ 'ಧನ್ಯವಾದ' ಒತ್ತುತ್ತಾರೋ 'ನನ್ನ ಮಾತೂ ಕೇಳಿ' ಒತ್ತುತ್ತಾರೋ, ಅದೇ ಪರೀಕ್ಷೆ. ಮಾಧುರಿ ಚಹಾ ಕುಡಿಯುತ್ತಲೇ ಬರೆದುಬಿಟ್ಟಳು: "ಈ ಮುಖ ಯಾರನ್ನೂ ಹೋಲುವುದಿಲ್ಲ. ಆ ವ್ಯಕ್ತಿಯನ್ನು ಇನ್ನೊಮ್ಮೆ ಎದುರಿಗೆ ಕೂರಿಸಿಕೊಂಡು, ನೋಡಿ ಬರೆಯಿರಿ." ಯೋಚಿಸುವ ಕೆಲಸವೇ ಬೀಳಲಿಲ್ಲ. ಕಾಲೇಜಿನಲ್ಲಿ ಅವಳ ಮಾಸ್ತರರು ಅವಳಿಗೇ ಅಂದಿದ್ದ ಮಾತು ಅದು, ಅಂದಿನಿಂದ ಅವಳು ಕುಂಚ ಮುಟ್ಟಿರಲಿಲ್ಲ.

ಮೊದಲನೇ ವಾರ ಐದು ಜನ ಬರಬೇಕಿತ್ತು. ಇನ್ನು ಮೂರೇ ದಿನ ಅನ್ನುವಾಗ ಐದನೆಯವನು ಕೈಕೊಟ್ಟ. "ನಿಮ್ಮ ಬಿಲ್ಡಿಂಗಿನಲ್ಲಿ ಚಿತ್ರ ಬರೆಯೋರು ಯಾರೂ ಇಲ್ವಾ?" ಅಂದ ಸ್ವಪ್ನಿಲ್. ಇದ್ದರು. ಕೆಳಗಿನ ಮನೆಯ ಚನ್ನವೀರ ಕಾಕಾ.

ಕಾಕಾ ಕುರಕುಂಭದ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಸ್ಟೋರಿನಲ್ಲಿದ್ದವರು. ಡ್ರಮ್ಮುಗಳ ಮೇಲೆ ಎನಾಮಲ್ ಬಣ್ಣದಲ್ಲಿ ನಂಬರು ಬರೆದು ಬರೆದು ಕೈ ಪಳಗಿತ್ತು. ಒಬ್ಬನೇ ಮಗ ರೋಹಿತ, ಮಾಧುರಿಗಿಂತ ಒಂದೇ ವರ್ಷ ದೊಡ್ಡವನು. ಸಾಹೇಬರ ಕಾಲು ಹಿಡಿದು ಅವನನ್ನೂ ಅಲ್ಲೇ ಸೇರಿಸಿದರು. ಸೇರಿದ ಹತ್ತನೇ ತಿಂಗಳಿಗೆ ಬೆಂಕಿ. ಇಪ್ಪತ್ನಾಲ್ಕು ವರ್ಷದ ಹುಡುಗನನ್ನು ಬಟ್ಟೆ ಸುತ್ತಿಯೇ ಮನೆಗೆ ತಂದರು. ಮುಖ ನೋಡಬೇಡಿ ಅಂದರು ಎಲ್ಲರೂ, ಅವನ ತಾಯಿ ನಾಗವ್ವ ಕಾಕು ಎಷ್ಟು ಬಡಕೊಂಡರೂ ಬಿಚ್ಚಲಿಲ್ಲ.

ಹದಿಮೂರನೇ ದಿನ ಕಳೆದ ಮೇಲೆ ಕಾಕಾ ಒಂದು ಹಾರ್ಡ್‌ಬೋರ್ಡು ತಂದು ಮಗನ ಮುಖ ಬರೆದರು. ಅಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಮಾತು. ಪ್ರತಿವರ್ಷ ಅವನ ಹುಟ್ಟುಹಬ್ಬಕ್ಕೆ ಅದೇ ಬೋರ್ಡು ಇಳಿಸಿ, ಅದೇ ಮುಖಕ್ಕೆ ಒಂದು ವರ್ಷ ಕೂಡಿಸುತ್ತ ಬಂದರು. ಇಪ್ಪತ್ತಾರಕ್ಕೆ ಮೀಸೆ ದಪ್ಪ ಮಾಡಿದರು. ಇಪ್ಪತ್ತೆಂಟಕ್ಕೆ ಚಾಳೀಸು ಹಾಕಿದರು, ಯಾಕಂದರೆ ಅವರ ಮನೆತನದಲ್ಲಿ ಎಲ್ಲರಿಗೂ ಆ ವಯಸ್ಸಿಗೇ ಕಣ್ಣು ಮಂದವಾಗಿ ಕನ್ನಡಕ ಬರುತ್ತದೆ. ಈ ವರ್ಷ ಮೂವತ್ತು. ಹಣೆಯ ಮೇಲೆ ನಾಲ್ಕು ಕೂದಲು ಕಡಿಮೆ ಮಾಡಿದ್ದರು. ಆ ಚಿತ್ರಕ್ಕೆ ಹಾರ ಇರಲಿಲ್ಲ, ದೀಪ ಇರಲಿಲ್ಲ. ನಾಗವ್ವ ದಿನಾ ಬೆಳಗ್ಗೆ ಅದರ ಮುಂದೆ ಒಂದು ಕಪ್ ಚಹಾ ಇಟ್ಟು, "ಏಳಪಾ, ಆರಿ ಹೋಗ್ತದ," ಅನ್ನುತ್ತಿದ್ದರು. ಬಿಲ್ಡಿಂಗಿನವರು ಹುಚ್ಚು ಅಂದರು. ಹುಚ್ಚೇ ಇರಲಿ, ಆ ಹುಚ್ಚಿನಿಂದಲೇ ಆ ಮನೆಯಲ್ಲಿ ಒಲೆ ಹತ್ತುತ್ತಿತ್ತು.

ಮಾಧುರಿ ಹೋಗಿ ಕೇಳಿದಾಗ ಕಾಕಾ ಹೌಹಾರಿದರು. "ನಂದೇನ್ ಚಿತ್ರವಾ? ಡ್ರಮ್ ಬರ್ಯಾಂವ ನಾ."

"ಹಂಗ್ಯಾಕಂತೀರಿ ಕಾಕಾ? ನೀವ್ ಬರ್ರಿ. ರೋಹಿತನ ಚಿತ್ರದ ಫೋಟೊ ಕಳಸ್ರಿ, ಸಣ್ಣದಾಗಿ ಕಾರ್ಡಿಗೆ ಅಂಟಸ್ತೀವಿ."

ಕಾಕಾ ಚಿತ್ರವನ್ನು ಕಿಟಕಿಯ ಹತ್ತಿರ ಬೆಳಕಿಗೆ ಹಿಡಿದು, ಫೋಟೊ ತೆಗೆದು, ಅಲ್ಲೇ ವಾಟ್ಸಾಪಿನಲ್ಲಿ ಕಳಿಸಿದರು. "ದೊಡ್ಡ ದೊಡ್ಡ ಕಲಾವಿದರು ನೋಡತಾರೇನವಾ?" ಅಂದರು. ಮಾಧುರಿ ಮೆಟ್ಟಿಲು ಹತ್ತುತ್ತಲೇ "ಹೂಂ ಕಾಕಾ, ಹಂಗ ಇರ್ತದ ಆ್ಯಪಿನ್ಯಾಗ," ಅಂದಳು. ಆ್ಯಪಿನಲ್ಲಿ ಮುಂದೆಂದೋ ಇರುತ್ತದೆ ಅಂತ ಅವಳ ಅರ್ಥ. ಇವತ್ತೇ ನೋಡಲಿಕ್ಕೆ ಕೂತಿದ್ದಾರೆ ಅಂತ ಅವರು ತಿಳಿದರು. ಎರಡು ದಿನ ಕಾಕಾ ಊಟ ಸರಿಯಾಗಿ ಮಾಡಲಿಲ್ಲ ಅಂತ ನಾಗವ್ವ ಆಮೇಲೆ ಹೇಳಿದರು.

ಶುಕ್ರವಾರ ಕಾಕಾ ಕಂಪನಿಯ ಕಾರಿನಲ್ಲಿ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ. ಸ್ವಪ್ನಿಲ್ ಮರಾಠಿಯಲ್ಲಿ ಎಲ್ಲ ವಿವರಿಸಿದ. "ಪರೀಕ್ಷೆ ನಿಮ್ಮದಲ್ಲ ಕಾಕಾ, ಆ್ಯಪಿನದು. ಮಾಧುರಿ ಇಲ್ಲಿ ಇಲ್ಲ ಅಂತಲೇ ತಿಳಿದುಕೊಳ್ಳಿ. ಅವಳು ಕಂಪ್ಯೂಟರ್. ಬಂದದ್ದನ್ನ ತೋರಿಸೋದಷ್ಟೇ ಅವಳ ಕೆಲಸ."

ಕಾಕಾ ತಲೆಯಾಡಿಸಿದರು. ಒಂದನೇ ಕಾರ್ಡು, ಎರಡನೇದು, ಮೂರನೇದು. ಆರನೇದರ ಮೇಲೆ ರೋಹಿತನ ಚಿತ್ರ ಅಂಚೆಚೀಟಿಯಷ್ಟು ಸಣ್ಣದಾಗಿ ಅಂಟಿತ್ತು. ಕೆಳಗೆ 'ನಿಮಗೆ ಒಂದು ಅಭಿಪ್ರಾಯ ಬಂದಿದೆ'. ಕಾಕಾ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒತ್ತಿದರು. ಮಾಧುರಿ ಏಳನೇ ಕಾರ್ಡು ಇಟ್ಟಳು.

ಇಟ್ಟ ಮೇಲೆಯೇ ಅವಳಿಗೆ ತನ್ನ ತಪ್ಪು ತಿಳಿದದ್ದು. ಬೆಳಗಿನಿಂದ ನಾಲ್ಕು ಜನರ ಮುಂದೆ ಇಟ್ಟ ಕಾರ್ಡದು. ಇಬ್ಬರು ನಕ್ಕಿದ್ದರು, ಇಬ್ಬರು ಜಗಳಕ್ಕೆ ನಿಂತಿದ್ದರು. ಅವರ್ಯಾರೂ ಸುಟ್ಟ ಮಗನ ಚಿತ್ರ ತಂದಿರಲಿಲ್ಲವಲ್ಲ. ಅಯ್ಯೋ, ಎಂಥ ಕತ್ತೆ ನಾನು ಅಂದುಕೊಂಡಳು. ಕಾಕಾ ಓದಿದರು. ಎದುರಿಗೆ ಕೂರಿಸಿಕೊಂಡು ನೋಡಿ ಬರೆಯಿರಿ ಅನ್ನುವಲ್ಲಿಗೆ ಬಂದು, ತಲೆಯೆತ್ತಿ ಮಾಧುರಿಯ ಮುಖ ನೋಡಿದರು. ಅವಳು ಮೇಜು ನೋಡಿದಳು. ಕಂಪ್ಯೂಟರ್ ಮಾತಾಡಬಾರದಲ್ಲ, ಬೆಂಕಿ ಹಚ್ಚಬೇಕು ಅಂಥ ನಿಯಮಕ್ಕೆ. ಹತ್ತೊಂಬತ್ತು ಸೆಕೆಂಡಾದ ಮೇಲೆ ಕಾಕಾ 'ಧನ್ಯವಾದ' ಒತ್ತಿದರು.

"ಇದನ್ನ ಬರೆದವರು ಯಾರು?" ಅಂತ ಹೋಗುವಾಗ ಮರಾಠಿಯಲ್ಲಿ ಕೇಳಿದರು.

ಮುಂದಿನ ವಾರ ಇನ್ನೂ ಐದು ಜನ ಬರುವವರಿದ್ದರು, ಗುಟ್ಟು ಹೊರಬೀಳಬಾರದು ಅಂತ ಸ್ವಪ್ನಿಲ್ ನಗುತ್ತ ಹೇಳಿದ: "ಅದನ್ನೀಗ ಹೇಳೋ ಹಾಗಿಲ್ಲ ಕಾಕಾ. ಅನುಭವಸ್ಥರು ಅಂತ ತಿಳಿದುಕೊಳ್ಳಿ." ಅವರು ಹೋದ ಮೇಲೆ ವಹಿಯಲ್ಲಿ ಬರೆದ: ಹತ್ತೊಂಬತ್ತು ಸೆಕೆಂಡು ತಡ, ಬಟನ್ ಸಣ್ಣದಾಯಿತು, ದೊಡ್ಡದು ಮಾಡಬೇಕು.

ಮಾಧುರಿ ಅಂದೇ ಸಂಜೆ ಹೇಳಬೇಕಿತ್ತು. ಟ್ರಾಫಿಕ್ಕಿನಲ್ಲಿ ಎರಡು ತಾಸು ಸಿಕ್ಕಿಬಿದ್ದು, ಬಂದವಳು ಮೆಟ್ಟಿಲಲ್ಲಿ ನಿಂತು ಅವರ ಮುಚ್ಚಿದ ಬಾಗಿಲು ನೋಡಿ, ನಾಳೆ ಹೇಳಿದರಾಯಿತು ಅಂದುಕೊಂಡಳು. ಶನಿವಾರ ಏನೇನೋ ಕೆಲಸ. ಖರೆ ಹೇಳಬೇಕಂದರೆ ಕೆಲಸ ಏನೂ ಇರಲಿಲ್ಲ, ಮುಖ ತೋರಿಸಲಿಕ್ಕೆ ಹೆದರಿಕೆ ಇತ್ತು.

ರವಿವಾರ ಬೆಳಗ್ಗೆ ಇಳಿದು ಬರುವಾಗ ಮೆಟ್ಟಿಲಲ್ಲೇ ಎನಾಮಲ್ ಬಣ್ಣದ ಘಾಟು ಬಂತು. ಬಾಗಿಲು ತೆರೆದಿತ್ತು. ಗೋಡೆಗೆ ಒರಗಿಸಿದ ಹಾರ್ಡ್‌ಬೋರ್ಡು ಅಂಚಿನಿಂದ ಅಂಚಿಗೆ ಬೆಳ್ಳಗಿತ್ತು, ಇನ್ನೂ ಹಸಿ. ಚಿತ್ರವಿದ್ದ ಮೊಳೆಗೆ ರೋಹಿತನ ಫ್ಯಾಕ್ಟರಿ ಐಡಿ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿ ತೂಗುಹಾಕಿದ್ದರು. ಅದಕ್ಕೆ ಹಾರ, ಕುಂಕುಮ, ಮುಂದೆ ದೀಪ. ಚಹಾದ ಕಪ್ ಕಾಣಲಿಲ್ಲ.

ಮಾಧುರಿ ಚಪ್ಪಲಿಯಲ್ಲೇ ಒಳಗೆ ನುಗ್ಗಿದಳು. "ಕಾಕಾ, ಏನ್ ಮಾಡಿದ್ರಿ ಇದು! ಆ ಕಾರ್ಡು ಸುಳ್ಳರಿ. ನಾನ ಬರದಿದ್ದೆ. ನಿಮ್ಮ ಚಿತ್ರ ನೋಡೂಕಿಂತ ಮೊದಲ ಬರದಿದ್ದೆ. ಎಲ್ಲಾರಿಗೂ ಅದನ್ನ ತೋರಿಸೀವಿ. ಅನುಭವಸ್ಥರೂ ಇಲ್ಲ, ಯಾರೂ ಇಲ್ರಿ!"

ಕಾಕಾ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತ ಕೂತಿದ್ದರು. "ಕುಂದ್ರವಾ," ಅಂದರು ಮೆತ್ತಗೆ. "ನನಗ ಸಮಾಧಾನ ಮಾಡಾಕ ಬಂದೀ. ಭಾಳ ಛೊಲೊ ಹುಡುಗಿ ನೀ."

"ಆಣಿ ಮಾಡಿ ಹೇಳ್ತೀನ್ರಿ. ಅಕ್ಷರಾ ನಂದ ಇತ್ತು, ನೋಡಲಿಲ್ಲೇನು ನೀವು?"

"ಅಕ್ಷರಾ ನಿಂದ ಇತ್ತು. ನೋಡೀನಿ. ಬಂದದ್ದನ್ನ ತೋರಸೂದಷ್ಟ ನಿನ್ನ ಕೆಲಸ ಅಂತ ಆ ಹುಡುಗ ಹೇಳಿದ್ನಲ್ಲ. ಅವರು ಹೇಳಿದ್ದು, ನೀ ಬರದದ್ದು." ಕುಂಚ ಒರೆಸಿ ಪಕ್ಕಕ್ಕಿಟ್ಟರು. "ಅವರು ತಪ್ಪೇನ್ ಹೇಳಿಲ್ಲವಾ. ಎದುರಿಗೆ ಕುಂದ್ರಿಸಿ ನೋಡಿ ಬರೀಬೇಕಿತ್ತು. ಮಣ್ಣಿಗೆ ಒಯ್ಯೂ ಮುಂದ ಅವನ್ನ ಕಡೀಗೆ ಕುಂದ್ರಿಸಿದಾಗ ಮುಖಾ ನೋಡೂ ಧೈರ್ಯ ಆಗಲಿಲ್ಲ ನನಗ. ಆರು ವರ್ಷ ಕಣ್ಣಿಗೆ ಕಾಣದ್ದನ್ನ ಬರದೆ. ಅಕೀ ಕೈಲೆ ಯಾವನಿಗೋ ಚಹಾ ಕುಡಿಸಿದೆ."

ಮಾಧುರಿ ಮತ್ತೆ ಹೇಳಿದಳು, ಅತ್ತಳು, ಕೊನೆಗೆ ಸಿಟ್ಟಿಗೆದ್ದು ಕೂಗಿದಳು. ಕೂಗಿದಷ್ಟೂ ಅವರು ಅವಳ ತಲೆ ಸವರುತ್ತ "ಇರಲಿ, ಇರಲಿ" ಅಂದರೇ ಹೊರತು ನಂಬಲಿಲ್ಲ. ಮಾತಾಡಬೇಕಾದಾಗ ಬಾಯಿ ಮುಚ್ಚಿ ಕೂತವಳ ಮಾತು ಈಗ ಯಾರಿಗೆ ಬೇಕು?

ಅವಳು ಹೊರಗೆ ಬಂದು ಮೂರು ಮೆಟ್ಟಿಲು ಹತ್ತಿದ್ದಳೋ ಇಲ್ಲವೋ, ಹಿಂದಿನಿಂದ ನಾಗವ್ವ ಬಂದು ಸೆರಗು ಹೊದ್ದು ನಿಂತರು. ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಮಾಧುರಿ, ನಿನ್ನ ಫೋನಿನ್ಯಾಗ ಅದ ಏನ? ಅವರು ಕಳಿಸಿದ ಫೋಟೊ? ತಮ್ಮ ಫೋನಿನ್ಯಾಗಿಂದು ಅಳಿಸ್ಯಾರ."

ಇತ್ತು! ಅದು ಅವಳಿಗೆ ಹೊಳೆದೇ ಇರಲಿಲ್ಲ. ಬೋರ್ಡು ಹೋದರೇನು, ಮೂವತ್ತು ವರ್ಷದ ರೋಹಿತ ಫೋನಿನಲ್ಲಿದ್ದಾನೆ. ದೊಡ್ಡದು ಮಾಡಿಸಿ ನಾಳೆಯೇ ಕಟ್ಟು ಹಾಕಿಸಿ ಕೊಡಬಹುದು. ಗಡಬಡಿಸಿ ಹುಡುಕಿ ಕೈಗಿಟ್ಟಳು. "ನೋಡ್ರಿ ಕಾಕೂ, ಇಲ್ಲೇ ಇದ್ದಾನ."

ನಾಗವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯನ್ನು ಮಾಧುರಿಯ ಕಡೆ ತಿರುಗಿಸಿದರು. "ನೀವಿಬ್ಬರೂ ಕೂಡೇ ಆಡಿ ಬೆಳದವರು. ನನಗ ನಿನ್ನೆಯಿಂದ ತಿಳೀವಲ್ದು. ಖರೆ ಹೇಳು ನನ್ನವ್ವಾ. ಹೋಲ್ತದೇನ?"

ಮಾಧುರಿ ನೋಡಿದಳು. ಆ ಚಿತ್ರವನ್ನು ಆರು ವರ್ಷದಿಂದ ಹೋಗಿ ಬರುವಾಗ ಕಂಡಿದ್ದಳು, ಒಂದು ದಿನವೂ ನೋಡಿರಲಿಲ್ಲ. ಬಿಲ್ಡಿಂಗಿನ ಗಚ್ಚಿಯ ಮೇಲೆ ಕೇರಂ ಆಡುತ್ತಿದ್ದ ರೋಹಿತನನ್ನು ಆ ಚಾಳೀಸಿನ ಹಿಂದೆ, ಆ ಮೀಸೆಯ ಮೇಲೆ ಹುಡುಕಿದಳು. ಕಣ್ಣು ಅವನದೇ ಅನ್ನಿಸಿತು. ಅಲ್ಲವೇನೋ ಅನ್ನಿಸಿತು.

"ಹೋಲ್ತದ ಕಾಕೂ," ಅಂದಳು. "ಥೇಟ್ ಅವನ ಇದ್ದಂಗ ಅದ."

ಆದರೆ ಅಷ್ಟು ಹೇಳಲಿಕ್ಕೆ ಅವಳಿಗೆ ಮೂರು ಸೆಕೆಂಡು ಬೇಕಾಗಿದ್ದವು. ಆ ಮೂರು ಸೆಕೆಂಡೂ ನಾಗವ್ವ ಫೋನನ್ನಲ್ಲ, ಅವಳ ಮುಖವನ್ನೇ ನೋಡುತ್ತಿದ್ದರು.

ಫೋನನ್ನು ಅವಳ ಕೈಯಲ್ಲಿಟ್ಟು, ಬೆರಳು ಮಡಚಿ ಮುಚ್ಚಿದರು. "ಅಳಿಸಿಬಿಡವಾ ಅದನ್ನ," ಅಂದರು. "ಯಾರ ಮಗನೋ ಏನೋ." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.