ಸಾವಕಾಶ, ಕೆಳಗ

ಭಾಗ್ಯ ಎರಡನೇ ಸಲವೂ ಬೇಡವೆಂದು ತಲೆಯಾಡಿಸಿದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ ಅವಳ ಹೊಸ ಕ್ಯಾಚರ್ ತೊಡೆಗಳ ನಡುವೆ ಬೆರಳು ಬದಲಿಸಿ ಮತ್ತೆ ತೋರಿಸಿದ. ಎಂಥ ಚೆಂಡು ಎಸೆಯಬೇಕೆಂದು ಪಿಚರ್‌ಗೆ ಹೇಳುವುದು ಕ್ಯಾಚರ್‌ನ ಕೆಲಸ. ಎದುರಾಳಿಗೆ ತಿಳಿಯದಂತೆ ಬೆರಳಲ್ಲೇ ಹೇಳುವುದು ಬೇಸ್‌ಬಾಲಿನ ರೂಢಿ. ಎದುರಾಳಿಗಳ ಬೆಂಚಿನಲ್ಲಿ, ನಾಟಿಂಗ್‌ಹ್ಯಾಮ್ ತಂಡದ ಮಾಸಿದ ಹಸಿರು ಅಂಗಿ ತೊಟ್ಟು ಕೂತಿದ್ದ ಅವಳ ಅಪ್ಪ ಸಂಗನಬಸಪ್ಪ, ಮಗಳ ಎಡಗಾಲಿನ ಬೂಟು ಮಣ್ಣು ಕೆರೆಯುತ್ತಿರುವುದನ್ನು ನೋಡಿದರು. ಏನೂ ತೋಚದಾದಾಗ ಆ ಕಾಲು ಹಾಗೆ ಮಾಡುತ್ತಿತ್ತು.

ಅವಳು ಪುಟ್ಟ ಹುಡುಗಿಯಾಗಿದ್ದಾಗಿನಿಂದ ಹೋದ ವರ್ಷದವರೆಗೂ ಅವಳ ಚೆಂಡು ಹಿಡಿದವರು ಅವರೇ. ಅವರಿಗೆ ಬೆರಳು ಬೇಕಿರಲಿಲ್ಲ. ಎಲ್ಲರೆದುರೇ ಧಾರವಾಡದ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದರು: ಜೋರ, ಹೊರಗ, ಸಾವಕಾಶ. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಪಾರ್ಕಿನಲ್ಲಿ ಮಾತ್ರ ಕನ್ನಡಕ್ಕೆ ಇಡೀ ಮೈಯಿಂದ ಉತ್ತರಿಸುತ್ತಿದ್ದಳು.

ಆಸ್ಪತ್ರೆಯ ಲ್ಯಾಬಿನಲ್ಲಿ ಬಯೊಕೆಮಿಸ್ಟ್ ಆಗಿದ್ದ ಸಂಗನಬಸಪ್ಪ ಲೀಗಿನ ಸಮಿತಿಯಲ್ಲೂ ಇದ್ದರು. ಭಾಗ್ಯ ಈಗ ಆಡುತ್ತಿರುವ ಮ್ಯಾಂಚೆಸ್ಟರಿನ ಈ ಕ್ಲಬ್ಬಿಗೆ ಸ್ವಂತ ಮೈದಾನ, ಸಂಬಳದ ಕೋಚ್, ಚಳಿಗಾಲಕ್ಕೆ ಬೆಚ್ಚಗಿನ ಹಾಲ್. ನಾಟಿಂಗ್‌ಹ್ಯಾಮಿನವರು ಚಳಿಗಾಲದಲ್ಲಿ ಬಹುಮಹಡಿ ಕಾರ್ ಪಾರ್ಕಿನೊಳಗೆ ಅಭ್ಯಾಸ ಮಾಡಿ, ಸೆಕ್ಯುರಿಟಿಯವನು ಬಂದಾಗ ಬ್ಯಾಟು ಎತ್ತಿಕೊಂಡು ಓಡುತ್ತಿದ್ದರು. ಕೈ ಪಳಗಿದವರೆಲ್ಲ ಒಬ್ಬೊಬ್ಬರಾಗಿ ಮ್ಯಾಂಚೆಸ್ಟರಿಗೆ ಹೊರಟುಹೋಗಿ ಕ್ಲಬ್ಬು ಮುಚ್ಚುವುದರಲ್ಲಿತ್ತು. ಅದಕ್ಕೇ ಅವರು ಹಟ ಹಿಡಿದು ಒಂದು ನಿಯಮ ಮಾಡಿಸಿದ್ದರು: ದೊಡ್ಡ ಕ್ಲಬ್ಬು ಸಣ್ಣ ಕ್ಲಬ್ಬಿನ ಆಟಗಾರರನ್ನು ಸೇರಿಸಿಕೊಂಡರೆ, ಬದಲಿಗೆ ಸಣ್ಣ ಕ್ಲಬ್ಬಿಗೆ ಅದರ ಊರಿನಲ್ಲೇ ಚಳಿಗಾಲವಿಡೀ ಒಂದು ಹಾಲ್ ಹಿಡಿದುಕೊಡಬೇಕು. ಆ ನಿಯಮದಡಿ ಮ್ಯಾಂಚೆಸ್ಟರಿನವರು ಮೊದಲು ಕೇಳಿದ್ದು, ಅಲ್ಲಿನ ಯೂನಿವರ್ಸಿಟಿಗೆ ಸೇರಿ ಫಾಲೋಫೀಲ್ಡಿನಲ್ಲಿ ರೂಮು ಹಿಡಿದಿದ್ದ ಭಾಗ್ಯಳನ್ನು.

"ನೀ ಒಲ್ಲೆ ಅಂದ್ರ ಮುಗೀತು," ಎಂದಿದ್ದರು ಸಂಗನಬಸಪ್ಪ, ಅಡುಗೆಮನೆಯಲ್ಲಿ.

"ಅಪ್ಪಾ, ಇಟ್ಸ್ ಯುವರ್ ರೂಲ್," ಎಂದು ಅವಳು ನಕ್ಕಿದ್ದಳು. "ಯೂ ಗೆಟ್ ಎ ರೂಫ್."

ನಿನಗೆ ಹೋಗುವ ಮನಸ್ಸಿದೆಯೇ ಎಂದು ಅವರು ಕೇಳಲಿಲ್ಲ. ಇದೆ ಎಂದಿದ್ದರೂ ಇಲ್ಲ ಎಂದಿದ್ದರೂ ತಡೆದುಕೊಳ್ಳುವುದು ಕಷ್ಟವಿತ್ತು. ಸಮಿತಿಯಲ್ಲಿ ಒಪ್ಪಿಗೆ ಕೇಳಿದಾಗ ಎಡಗೈ ಎತ್ತಿದರು. ಅವಳ ಚೆಂಡು ಹಿಡಿದು ಹಿಡಿದು ಬೆರಳ ಗಂಟು ದಪ್ಪಗಾಗಿದ್ದ ಕೈ.

ಸೂರು ಸಿಕ್ಕಿತು. ತಂಡ ಚಿಗುರಿತು. ಈಗ ಸೆಮಿಫೈನಲ್ಲಿನ ಕೊನೆಯ ಗಳಿಗೆ. ನಾಟಿಂಗ್‌ಹ್ಯಾಮ್ ಒಂದೇ ರನ್ನು ಹಿಂದಿತ್ತು, ಇಬ್ಬರು ಬೇಸ್‌ಗಳಲ್ಲಿ ಓಡಲು ಕಾದಿದ್ದರು. ಬ್ಯಾಟು ಹಿಡಿದಿದ್ದ ಟ್ರ್ಯಾಮ್ ಡ್ರೈವರ್ ಡೀನ್, ಭಾಗ್ಯಳ ಎರಡು ಚೆಂಡುಗಳಿಗೆ ಆಗಲೇ ಬೀಸಿ ತಪ್ಪಿದ್ದ. ಇನ್ನೊಂದು ತಪ್ಪಿದರೆ ಆಟ ಮುಗಿಯಿತು. ಚೆನ್ನಾಗಿ ತಾಗಿದರೆ ಕ್ಲಬ್ಬಿನ ಮೊಟ್ಟಮೊದಲ ಫೈನಲ್.

"ನಿಮ್ಮ ಮಗಳಿಗೆ ಟೆನ್ಷನ್ ಆಗಿದೆ ಅಂಕಲ್, ಗೆದ್ವಿ ಬಿಡಿ," ಎಂದ ಪಕ್ಕದಲ್ಲಿದ್ದ ಉಲ್ಲಾಸ್, ಎಂಎಸ್ಸಿ ಓದಲು ಮೈಸೂರಿನಿಂದ ಬಂದ ಹುಡುಗ. "ರಾತ್ರಿ ಊಟ ನಿಮ್ಮನೇಲೇ."

"ಬಾರಪಾ. ಖಡಕ್ ರೊಟ್ಟಿ ಅದಾವು, ಹಲ್ಲು ತಗೊಂಡು ಬಾ," ಎಂದರು ಅವರು, ಕಣ್ಣು ಕದಲಿಸದೆ.

ಡೀನ್‌ನ ಭಾರವೆಲ್ಲ ಮುಂದಿನ ಕಾಲಿನ ಮೇಲಿತ್ತು. ವೇಗದ ಚೆಂಡಿಗೆ ಕಾಯುತ್ತಿದ್ದಾನೆ. ನಿಧಾನದ್ದು ಬಂದರೆ ಗಾಳಿಗೆ ಬೀಸುತ್ತಾನೆ. ಭಾಗ್ಯ ಮೂರನೇ ಸಲ ತಲೆಯಾಡಿಸಿದಳು. ಬೂಟು ಮಣ್ಣು ಕೆರೆಯುತ್ತಲೇ ಇತ್ತು.

"ಸಾವಕಾಶ, ಭಾಗ್ಯಾ. ಕೆಳಗ."

ಆ ಧ್ವನಿ ತಮ್ಮದೆಂದು ಸಂಗನಬಸಪ್ಪನವರಿಗೆ ತಿಳಿದದ್ದು ಅದು ಮೈದಾನದ ನಡುವಿಗೆ ತಲುಪಿದ ಮೇಲೆ.

ಬೂಟು ನಿಂತಿತು. ಅವಳು ಇತ್ತ ನೋಡಲಿಲ್ಲ. ಹೆಗಲು ಇಳಿಬಿಟ್ಟು, ಉಸಿರೆಳೆದು, ಎಸೆದಳು. ವೇಗದ್ದೇ ಎನಿಸುವ ತೋಳಿನಿಂದ ಹೊರಟ ಚೆಂಡು ಯಾವ ಅವಸರವೂ ಇಲ್ಲದೆ ಬಂತು. ಡೀನ್ ಅದು ತಲುಪುವ ಮೊದಲೇ ಬೀಸಿ, ತಿರುಗಿ, ಮಂಡಿಯೂರಿದ. ನೀಲಿ ಅಂಗಿಯ ಮ್ಯಾಂಚೆಸ್ಟರಿನವರೆಲ್ಲ ಓಡಿಬಂದು ಭಾಗ್ಯಳನ್ನು ಮುತ್ತಿಕೊಂಡರು.

"ಅಂಕಲ್," ಎಂದ ಉಲ್ಲಾಸ್ ಮೆಲ್ಲಗೆ. "ನೀವೀಗ..."

ಸಂಗನಬಸಪ್ಪ ಬಾಗಿ ಬೂಟಿನ ಲೇಸು ಬಿಗಿದರು.

"ನಂಗೇನೂ ಕೇಳಿಸ್ಲಿಲ್ಲ ಬಿಡಿ," ಎಂದು ಅವನು ಎದ್ದು ಬ್ಯಾಟುಗಳನ್ನು ಚೀಲಕ್ಕೆ ತುಂಬತೊಡಗಿದ.

ಡೀನ್ ಒದ್ದೆ ಕಣ್ಣುಗಳಲ್ಲಿ ಬಂದ. "ಸಾರಿ ಬಾಸ್. ಫಾಸ್ಟ್ ಬರುತ್ತೆ ಅಂದುಕೊಂಡೆ. ಎಲ್ಲ ಹಾಳು ಮಾಡಿದೆ." ಸಂಗನಬಸಪ್ಪ ಅವನ ಬೆನ್ನ ಮೇಲೆ ಕೈಯಿಟ್ಟರು.

ಕಾರಿನ ಹತ್ತಿರ ಭಾಗ್ಯ ಒಬ್ಬಳೇ ಬಂದಳು. ಅವಳೂ ಗೆದ್ದವಳಂತೆ ಕಾಣಲಿಲ್ಲ.

"ಇನ್ನ ಮ್ಯಾಲೆ ಹೇಳಬ್ಯಾಡ್ರಿ, ಅಪ್ಪಾ."

ಅವಳ ಬಾಯಲ್ಲಿ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ.

"ಬಾಯಿಗೆ ಬಂದುಬಿಡ್ತು ನೋಡವಾ. ರೂಢಿ."

"ಗೊತ್ತೈತಿ. ನೀವು ಹೇಳಿದ್ರ ನಾ ಕೇಳ್ತೀನಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ." ಅವಳು ಅವರ ಎಡಗೈಯನ್ನು ಒಮ್ಮೆ ಒತ್ತಿ ಹಿಡಿದು, ಬಿಟ್ಟು, ತನ್ನವರ ಕಡೆಗೆ ಹೋದಳು.

ಮುಂದಿನ ಭಾನುವಾರ ನಾಟಿಂಗ್‌ಹ್ಯಾಮಿನ ಪಾರ್ಕಿನಲ್ಲಿ ಚೆಂಡೆಸೆಯಲು ಉಲ್ಲಾಸ್ ನಿಂತ. "ಕೂಗಿ ಹೇಳಿ ಅಂಕಲ್," ಎಂದ ಅಲ್ಲಿಂದ. "ನಂಗೂ ಕನ್ನಡ ಬರುತ್ತೆ."

ಸಂಗನಬಸಪ್ಪ ಕುಕ್ಕರುಗಾಲಲ್ಲಿ ಕೂತು, ಮುಖಕವಚ ಎಳೆದುಕೊಂಡು ಬಾಯಿ ತೆರೆದರು. ಆಮೇಲೆ ಬಲಗೈಯನ್ನು ತೊಡೆಗಳ ನಡುವೆ ಇಳಿಸಿ, ಒಂದು ಬೆರಳು ತೋರಿಸಿದರು.