ಹೂಂ, ಬೇಡ ಬಿಡು

ಗಾಜಿನ ಮೇಲೆ ಮತ್ತೆ ಅದೇ ಬೆರಳಿನ ಜಿಡ್ಡು, ಪರದೆಯ ಎಡಗಡೆ ಮೇಲಿನ ಮೂಲೆಯಲ್ಲಿ, ಬೆಳಿಗ್ಗೆ ತಾನೇ ಇವನು ಒರೆಸಿದ್ದ, ಮಧ್ಯಾಹ್ನ ಮಲಗುವ ಮುಂಚೆ ಅಕ್ಕ ಬಂದು ಒತ್ತಿ ಹೋಗಿದ್ದಾಳೆ, ಅದು ಅವಳ ಹಾಜರಿ — ಅದರ ಕೆಳಗೆ ನೀಲಿ ಪಟ್ಟಿ ತೆವಳುತ್ತಿದೆ, ಹಳೆ ಆಪರೇಟಿಂಗ್ ಸಿಸ್ಟಂ ಎದ್ದು ಹೊಸದು ಕೂರುತ್ತಿದೆ, ಪಟ್ಟಿಯ ಪಕ್ಕ ಸ್ವಲ್ಪ ತಡ್ಕೊ ಅಂತ ಬರೆದಿದೆ, ಬೇರೆಯವರ ಕಂಪ್ಯೂಟರಿನಲ್ಲಾದರೆ ದಯವಿಟ್ಟು ನಿರೀಕ್ಷಿಸಿ ಅಂತ ಇರುತ್ತದೆ, ಕಂಪ್ಯೂಟರಿಗೆ ಕನ್ನಡ ಪದ ಕಟ್ಟುವ ಪದಸಮಿತಿಯವರು ಹಾಕಿದ್ದು, ಅದು ಸಮಿತಿ ಅಲ್ವೋ ಸಮಿತ್ತು, ಒಣಕಟ್ಟಿಗೆ, ಅನ್ನುತ್ತಿದ್ದಳು ಅಕ್ಕ, ಕ್ಯಾನ್ಸಲ್‌ಗೆ ರದ್ದುಗೊಳಿಸುವಿಕೆಯಂತೆ, ಓದಿ ಮುಗಿಸೋ ಹೊತ್ತಿಗೆ ಏನು ರದ್ದು ಮಾಡ್ಬೇಕಿತ್ತು ಅನ್ನೋದೇ ಮರ್ತೋಗುತ್ತೆ, ಬೇಡ ಬಿಡು ಅಂದ್ರೆ ಸಾಲ್ದಾ, ನಿನಗೆ ಕೆಲ್ಸ ಇಲ್ವಾ ಅಕ್ಕಾ ಅಂದರೆ, ಇಲ್ಲ ಕಣೋ, ಇರೋ ಕೆಲ್ಸ ಬಿಟ್ಟೇ ಇದನ್ನ ಮಾಡ್ತಿರೋದು, ಹಾಗೆ ವರ್ಷಗಟ್ಟಲೆ ಕೂತು ಒಂದೊಂದೇ ಮೆನು ಒಂದೊಂದೇ ಗುಂಡಿ ತನ್ನ ಮಾತಿಗೆ ತಿರುಗಿಸಿದ್ದಳು, ಎರರ್‌ಗೆ ಎಡವಟ್ಟಾಯ್ತು, ಸೇವ್‌ಗೆ ಎತ್ತಿಡು, ಕ್ವಿಟ್‌ಗೆ ಸಾಕು — ಆಮೇಲೆ ಒಂದು ದಿನ ಹಲ್ಲುಜ್ಜುತ್ತಾ ಬಚ್ಚಲಲ್ಲಿ ಕುಸಿದಳು, ಲಕ್ವ, ಬಲಗೈ ಹೋಯಿತು, ಬರವಣಿಗೆ ಹೋಯಿತು, ಊರಿಗೆಲ್ಲ ಹಂಚುವಷ್ಟಿದ್ದ ಬಾಯಿ ಅದೂ ಹೋಯಿತು.

ಮಾತು ಕಲಿಸುವ ಟೀಚರಮ್ಮ ಚಿತ್ರದ ಕಾರ್ಡು ತಂದಿದ್ದರು, ಲೋಟ, ಚಮಚ, ಹಾಸಿಗೆ, ನೋಡೀಮ್ಮಾ ಇದೇನು, ಮಗುವಿಗೆ ತೋರಿಸಿದ ಹಾಗೆ, ಅಕ್ಕ ಕಾರ್ಡನ್ನೆಲ್ಲ ಎಡಗೈಯಲ್ಲಿ ಗುಡಿಸಿ ನೆಲಕ್ಕೆ ಕೆಡವಿ ಕಾಲೆಳೆದುಕೊಂಡು ಕಂಪ್ಯೂಟರಿನ ಮುಂದೆ ಬಂದು ಒಂದು ಗುಂಡಿಯ ಮೇಲೆ ಬೆರಳಿಟ್ಟಳು, ಸಾಕು, ಟೀಚರಮ್ಮನ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು — ಅವತ್ತಿನಿಂದ ಈ ಮನೆಯಲ್ಲಿ ಮಾತೆಂದರೆ ಇದೇ, ಮೆನು ಬಿಚ್ಚಿಟ್ಟರೆ ಸಾಕು ಅವಳ ಬೆರಳು ತನ್ನ ಮಾತು ಹುಡುಕಿಕೊಳ್ಳುತ್ತದೆ, ಸೆಕೆಯಾದರೆ ಎಡಮೂಲೆಯ ತೆರೆ ಅನ್ನೋ ಗುಂಡಿ, ಕಿಟಕಿ ತೆರೆ ಅಂತ, ಅನ್ನ ಬೇಕಾದರೆ ಇನ್ನೂ ಹಾಕು, ಪಕ್ಕದ ಮನೆಯಾಕೆ ಕೂತು ಕೊರೆದರೆ ಮುಚ್ಚು, ಪಾಪ ಆಕೆ ಎದ್ದು ಬಾಗಿಲು ಮುಚ್ಚಿ ಬಂದು ಮತ್ತೆ ಕೂತಿದ್ದಳು — ಬೇರೆ ಯಾರ ಪದವೂ ಅಕ್ಕನಿಗೆ ಹತ್ತುವುದಿಲ್ಲ, ಪೇಪರು ಓದಲಾರಳು, ಇಂಗ್ಲಿಷ್ ಅಂತೂ ಇರುವೆ ಸಾಲು, ತಾನೇ ನೆಟ್ಟ ಪದ, ತಾನೇ ನೆಟ್ಟ ಜಾಗ, ಅಷ್ಟೇ ಉಳಿದಿರೋದು, ಅದನ್ನ ಕದಲಿಸ್ಬೇಡಿ ಅಂದಿದ್ದರು ಟೀಚರಮ್ಮ, ಇವನು ಹೂಂಗುಟ್ಟಿದ್ದ, ಹೂಂಗುಟ್ಟುವುದಕ್ಕೇನು ಖರ್ಚು.

ಮೆಷಿನ್ನು ನಿಧಾನ ಆಗಿದೆ, ಅಕ್ಕ ಕಾಯಬೇಕಾಗುತ್ತದೆ, ಹೊಸದು ಹಾಕಿಬಿಡೋಣ, ಒಳ್ಳೆಯದಕ್ಕೇ ತಾನೇ ಕೈ ಹಾಕಿದ್ದು — ಆಫೀಸಿನಲ್ಲಿ ದಿನವೂ ಇದೇ ಉದ್ಯೋಗ, ಅಲ್ಲಿನ ಮುದಿ ಡಬ್ಬಗಳಲ್ಲಿ ಜಾಗವಿಲ್ಲ, ದೊಡ್ಡ ಸಾಹೇಬರ ಅಪ್ಪಣೆ, ಇಂಗ್ಲಿಷೊಂದು ಇರ್ಲಿ, ಮಿಕ್ಕ ಭಾಷೆ ಎಲ್ಲಾ ಗುಡಿಸಿಹಾಕ್ರೀ, ಇನ್‌ಸ್ಟಾಲ್ ನಡುವೆ ಭಾಷೆಗಳ ಉದ್ದನೆ ಪಟ್ಟಿ ಬರುತ್ತದೆ, ಎಲ್ಲದರ ಟಿಕ್ಕು ತೆಗೆ, ಇಂಗ್ಲಿಷಿಗೊಂದು ಹಾಕು, ಮುಂದೆ, ಎಷ್ಟು ಸಾವಿರ ಸಲವೋ, ಈ ಕೈಗೆ ತಲೆಯ ಹಂಗೇ ಬೇಕಿಲ್ಲ, ಅದೇ ಕೈ ಈಗ ಇಲ್ಲೂ, ಕಣ್ಣು ಒಲೆ ಮೇಲಿನ ಹಾಲಿನ ಕಡೆ ಇತ್ತು, ಮಿಕ್ಕಿದ್ದನ್ನ ಅಳಿಸಿಬಿಡ್ಲಾ ಅಂತ ಪರದೆ ಕೇಳಿತು, ಕೆಳಗೆ ಎರಡು ಗುಂಡಿ, ಹೂಂ, ಬೇಡ ಬಿಡು, ಅಕ್ಕನ ಮಾತಲ್ಲೇ ಕೇಳಿತು, ಅಕ್ಕನನ್ನ ಅಳಿಸಿಬಿಡ್ಲಾ ಅಂತ, ಇವನು ಹೂಂ ಒತ್ತಿ ಹಾಲು ಇಳಿಸಲು ಹೋದ, ಹಾಲು ಉಕ್ಕಲಿಲ್ಲ, ಅದೊಂದು ಉಳಿಯಿತು.

ನಕಲು ಇದೆ, ಪೆನ್‌ಡ್ರೈವಿನಲ್ಲಿ ಎಲ್ಲಾ ಇದೆ, ಅವಳ ಫೋಟೊ ಅವಳ ಪತ್ರ ಅವಳ ಆಸ್ಪತ್ರೆ ಚೀಟಿ, ಮಾತಿಲ್ಲ, ಮಾತನ್ನು ತನ್ನ ಫೋಲ್ಡರಿನಲ್ಲಿ ಅವಳು ಇಟ್ಟೇ ಇರಲಿಲ್ಲ, ನೇರವಾಗಿ ಸಿಸ್ಟಂನ ಹೊಟ್ಟೆಯೊಳಗೆ, ಭಾಷೆಗಳ ಫೋಲ್ಡರಿಗೇ ಬರೆಯುತ್ತಿದ್ದಳು, ಬರೆದ ತಕ್ಷಣ ಗುಂಡಿ ಮೇಲೆ ನೋಡ್ಬೇಕು ಕಣೋ, ಸಾರಿನ ಉಪ್ಪನ್ನ ಪಾತ್ರೇಲೇ ನೋಡ್ಬೇಕು, ಅಲ್ಲಿಗೆ ಬರೆಯಲು ಪಾಸ್‌ವರ್ಡ್ ಕೊಟ್ಟವನು ಇವನೇ — ಅಳಿಸಿದ್ದನ್ನು ಎತ್ತುವ ಸಾಧನ ಓಡಿಸಿದ, ಆ ಜಾಗದಲ್ಲಿ ಆಗಲೇ ಹೊಸ ಸಿಸ್ಟಂ ಕಾಲು ಚಾಚಿ ಮಲಗಿದೆ — ಪರದೆಯ ಮೇಲೆ ಈ ನೀಲಿ ಪಟ್ಟಿಯ ಡಬ್ಬಿಯಲ್ಲಿ ಮಾತ್ರ ಸ್ವಲ್ಪ ತಡ್ಕೊ ಇನ್ನೂ ಇದೆ, ಅಳಿಸುವ ಮೊದಲೇ ಮೆಷಿನ್ನು ಓದಿಕೊಂಡದ್ದು, ಮುಚ್ಚುವ ತನಕ ನೆನಪಿರುತ್ತದೆ, ಮುಚ್ಚಿದರೆ ಅದೂ ಇಲ್ಲ, ಅದರ ಪಕ್ಕದಲ್ಲಿ ಪರದೆಯ ಮೇಲೇ ಇನ್ನೊಂದು ಕಿಟಕಿ ತೆರೆದು ನೋಡಿದ, ಮೂಲೆಯಲ್ಲಿ ತೆರೆ ಇಲ್ಲ, ಎತ್ತಿಡು ಇಲ್ಲ, ಇರುವೆ ಸಾಲು — ತಾನೇ ಬರೆದು ತುಂಬಿಸಿದರೆ, ಇವನಿಗೆ ನೆನಪಿರುವುದು ಹತ್ತೋ ಹನ್ನೆರಡೋ, ಮಿಕ್ಕ ನೂರಾರು ಯಾವತ್ತು ಓದಿದ್ದ, ಓದೋ ಒಂದ್ಸಲ ಅಂದಾಗೆಲ್ಲ ನಾಳೆ ಅಕ್ಕಾ ಅಂದಿದ್ದ.

ಕೋಲಿನ ಸದ್ದು. ಎದ್ಯಾ ಅಕ್ಕಾ, ಇಷ್ಟು ಬೇಗ, ಕುರ್ಚಿ ಬಿಟ್ಟುಕೊಟ್ಟ, ಅವಳ ಕತ್ತಿನಲ್ಲಿ ಬೆವರು, ಸೆಕೆ, ಕಿಟಕಿ ತೆರೀಲಾ ಅಂತ ಕೇಳುವುದರೊಳಗೆ ಎಡಗೈ ಎದ್ದಿತು, ನೇರ ಮೂಲೆಗೆ, ಜಿಡ್ಡಿನ ಮೇಲೆ ಜಿಡ್ಡು, ನಿಂತಿತು, ಕಣ್ಣು ಕಿರಿದಾಯಿತು, ಬೆರಳು ತೆಗೆದು ಬೆರಳನ್ನೇ ನೋಡಿಕೊಂಡಳು, ತಪ್ಪು ಬೆರಳಿನದೇ ಅನ್ನುವ ಹಾಗೆ, ಸೆರಗಿಗೆ ಒರೆಸಿಕೊಂಡು ಮತ್ತೆ ಅಲ್ಲೇ ಇಟ್ಟಳು, ಇವನು ಓಡಿ ಕಿಟಕಿ ತೆರೆದ, ಗಾಳಿ ಬಂತು, ಅವಳು ಗಾಳಿಯ ಕಡೆ ತಿರುಗಲಿಲ್ಲ, ಬೆರಳು ತೆಗೆದಳು, ನೋಡಿಕೊಂಡಳು, ಒರೆಸಿಕೊಂಡಳು, ಮತ್ತೆ ಇಟ್ಟಳು, ಗಾಜಿನ ಮೇಲೆ, ಆ ಜಿಡ್ಡಿನ ಮೇಲೆ, ಬೆರಳು —