ಏಳು ಗಂಟೆಯ ಕಡಲು

ಐವೊ ಬಂದರಿನಲ್ಲಿ ಹಡಗು ಬಂತು ಎಂದರೆ ಸಾಮಾನು ಬಂತು ಎಂದು ಅರ್ಥವಲ್ಲ. ಹಡಗು ಕಣ್ಣೆದುರಿಗೇ ಇರುತ್ತದೆ, ಅದರ ಮೈಮೇಲಿನ ತುಕ್ಕೂ ಕಾಣುತ್ತದೆ, ಆದರೆ ಅಲ್ಲಿಂದ ಒಂದು ಕಾಳು ಅಕ್ಕಿ ದಡ ಸೇರಬೇಕಾದರೂ ಕಡಲು ಒಪ್ಪಬೇಕು. ನಮ್ಮ ನೌರು ದ್ವೀಪದ ಸುತ್ತ ಬಂಡೆ, ಬಂಡೆ ಮುಗಿದ ಕೂಡಲೇ ತಳವಿಲ್ಲದ ಆಳ. ಹಡಗು ಧಕ್ಕೆಗೆ ತಾಗುವಂತಿಲ್ಲ, ಲಂಗರು ಬಿಡುವಂತಿಲ್ಲ. ದೂರದಲ್ಲಿ ತೇಲುವ ಕಬ್ಬಿಣದ ಪೀಪಾಯಿಗಳಿಗೆ ಹಗ್ಗ ಕಟ್ಟಿಸಿಕೊಂಡು ನಿಲ್ಲಬೇಕು. ಧಕ್ಕೆಯ ಆಳುಗಳು ಕಬ್ಬಿಣದ ತೆಪ್ಪವನ್ನು ದೋಣಿಗೆ ಬಿಗಿದು ಎಳೆದುಕೊಂಡು ಹೋಗಿ, ಹಡಗಿನ ಕ್ರೇನು ಇಳಿಸಿದ ಕಂಟೇನರನ್ನು ತರಬೇಕು, ಸಲಕ್ಕೆ ಒಂದರಂತೆ. ಹೊಸ ಬಂದರು ಆದಮೇಲೆ ಈ ಒದ್ದಾಟ ಇರುವುದಿಲ್ಲವಂತೆ. ಆ ಅಂತೆಯನ್ನು ಕೇಳಿಕೊಂಡೇ ಎಷ್ಟೋ ಜನ ಪಿಂಚಣಿಗೆ ಹೋದರು.

ಆ ಜನವರಿಯಲ್ಲಿ ಹಡಗು ಸೋಮವಾರ ಬಂತು. ಅದರ ಬೆನ್ನಿಗೇ ಪಡುವಣದ ತೆರೆಯೂ ಬಂತು. ಮಂಗಳವಾರ, ಬುಧವಾರ, ಗುರುವಾರ, ಮೂರು ದಿನವೂ ಮೇಸ್ತ್ರಿ ದಗಾಗೊ ಬೆಳಿಗ್ಗೆ ಧಕ್ಕೆಯ ತುದಿಗೆ ಹೋಗಿ ನಿಂತು, ತೆರೆ ಬಂದರಿನ ಬಾಯಿಗೆ ಬಡಿಯುವುದನ್ನು ನೋಡಿ, ಎರಡು ತೋಳನ್ನೂ ಎದೆಯ ಮೇಲೆ ಅಡ್ಡ ಹಾಕಿ ತೋರಿಸಿದ. ಇವತ್ತು ಇಲ್ಲ ಎಂದು ಅದರ ಅರ್ಥ. ಐವೊದಲ್ಲಿ ಕಡಲಿಗೆ ಇಳಿಯಬೇಕೋ ಬೇಡವೋ ಎಂದು ಹೇಳುವವನು ಮೇಸ್ತ್ರಿ ಒಬ್ಬನೇ. ಮಂತ್ರಿ ಬಂದು ನಿಂತರೂ ಆ ತೋಳು ಬಿಚ್ಚಿಸುವಂತಿಲ್ಲ.

ಆ ವಾರ ದಗಾಗೊನ ಹೆಂಡತಿ ಐಗಿಗು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿದ್ದಳು. ಯಂತ್ರಕ್ಕೆ ಹಾಕುವ ದ್ರವದ ಡಬ್ಬಿಗಳು ಮುಗಿಯುತ್ತಾ ಬಂದಿದ್ದವು. ವಾರಕ್ಕೆ ಮೂರು ಸಲ ರಕ್ತ ತೊಳೆಯಬೇಕಾದ ಏಳು ಜನರಿಗೆ ಮೊದಲು ಎರಡು ಸಲ ಮಾಡಿದರು, ಆಮೇಲೆ ಒಂದು ಸಲ. ಡಬ್ಬಿಗಳ ಹೊಸ ಕಂಟೇನರು ಆ ಹಡಗಿನಲ್ಲೇ ಇತ್ತು. ಬ್ರಿಸ್ಬೇನಿನಲ್ಲಿ ಅದನ್ನು ಮೊದಲೇ ಏರಿಸಿದ್ದರು, ದಾರಿಯ ಬಂದರು ಹೊನಿಯಾರಾದಲ್ಲಿ ನಮ್ಮ ಊರಿನವೇ ಇನ್ನೆರಡನ್ನು ತಂದು ಅದರ ತಲೆಯ ಮೇಲೆ ಹೇರಿದ್ದರು. ಮೇಲಿನವನ್ನು ಸರಿಸಿ ಇಡೋಣ ಎಂದರೆ ಹಡಗಿನ ಮೇಲೆ ಕಾಲಿಡಲೂ ಜಾಗವಿರಲಿಲ್ಲ, ಉಳಿದದ್ದೆಲ್ಲ ಮುಂದಿನ ಬಂದರು ತರಾವಾಗೆ ಹೋಗುವ ಸರಕು. ಅವೆರಡನ್ನೂ ದಡಕ್ಕೆ ತಂದ ಮೇಲೇ ಇದು ಕೈಗೆ ಸಿಗುವುದು. ಶುಕ್ರವಾರ ಸಂಜೆಗೆ ಹಡಗು ಹೊರಟುಬಿಡುತ್ತದೆ ಎಂದು ಕ್ಯಾಪ್ಟನ್ ಮೊದಲೇ ಹೇಳಿದ್ದ. ಮತ್ತೆ ಬರುವುದು ಹನ್ನೊಂದು ದಿನಕ್ಕೆ.

ಗುರುವಾರ ಸಂಜೆ ಐಗಿಗು ಕೇಳಿದಳು, "ನಾಳೆ ಹೆಂಗಿರುತ್ತೆ?"

"ತೆರೆ ಇಳಿಯೋ ಥರ ಕಾಣುತ್ತೆ."

"ನಿನ್ನೇನೂ ಹಿಂಗೇ ಅಂದೆ. ನಿನ್ನನ್ನ ರೇಡಿಯೋದಲ್ಲಿ ಹವಾಮಾನ ಹೇಳೋಕೆ ಇಟ್ಟುಕೊಂಡ್ರೆ ಊರೆಲ್ಲ ಕೊಚ್ಚಿಕೊಂಡು ಹೋಗುತ್ತೆ ನೋಡು." ಅವಳ ಮುಖ ಊದಿ, ಕಣ್ಣು ಸಣ್ಣಗಾಗಿದ್ದರೂ ನಾಲಿಗೆ ಮಾತ್ರ ಮೊದಲಿನ ಹಾಗೇ ಇತ್ತು. ಪಕ್ಕದ ಹಾಸಿಗೆಯಲ್ಲಿ ಒಟ್ಟೊ ಅಜ್ಜ ಮಲಗಿದ್ದ. ಮೂವತ್ತು ವರ್ಷ ಐವೊದ ಕ್ರೇನು ನಡೆಸಿದವನು. ಅವನಿಗೆ ಆಗಲೇ ಎಚ್ಚರ ತಪ್ಪಿತ್ತು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಕಡಲು ತಟ್ಟೆಗೆ ಸುರಿದಿಟ್ಟ ನೀರಿನ ಹಾಗೆ ಸಪಾಟಾಗಿತ್ತು. ದಗಾಗೊ ಧಕ್ಕೆಯಲ್ಲಿ ನಿಂತು ನೋಡಿ, ತಡೆಯಲಾರದೆ ಒಬ್ಬನೇ ನಕ್ಕ. ಬೂಟು ಹಾಕಿಕೊಂಡ, ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡ. ಅಷ್ಟರಲ್ಲಿ ದೋಣಿ ನಡೆಸುವ ತೆಕಾಬು ಬಂದ. ಅವನು ಬಿಳಿ ಅಂಗಿಯಲ್ಲಿದ್ದ.

"ಒಟ್ಟೊ ಅಜ್ಜ ಹೋಗ್ಬಿಟ್ರು ಮೇಸ್ತ್ರಿ. ಈಗ ಅರ್ಧ ಗಂಟೆ ಆಯ್ತು. ಮಣ್ಣು ಮಾಡೋದು ಸಂಜೆ ನಾಲ್ಕಕ್ಕಂತೆ."

ದಗಾಗೊ ಗಡಿಯಾರ ನೋಡಿದ. ಏಳು ಗಂಟೆ.

ಐವೊ ಧಕ್ಕೆಯಲ್ಲಿ ಒಂದು ಕಟ್ಟಳೆ ಇದೆ. ಧಕ್ಕೆಯ ಆಳೊಬ್ಬ ಸತ್ತರೆ, ಅವನು ಕೆಲಸದಲ್ಲಿರಲಿ, ಪಿಂಚಣಿಯಲ್ಲಿರಲಿ, ಅವನ ಮನೆಯವರು ಸತ್ತರೂ ಸರಿ, ಮಣ್ಣು ಮಾಡುವ ತನಕ ಒಂದು ದೋಣಿಯೂ ನೀರಿಗೆ ಇಳಿಯಬಾರದು. ಇದು ಅಜ್ಜ ಮುತ್ತಜ್ಜಂದಿರ ಕಾಲದ್ದೇನಲ್ಲ. ಇದನ್ನು ಮಾಡಿದವನು ದಗಾಗೊನೇ. ಹದಿನಾಲ್ಕು ವರ್ಷದ ಹಿಂದೆ, ತೆರೆ ಏಳುತ್ತಿದ್ದ ಒಂದು ಮಧ್ಯಾಹ್ನ, ಇನ್ನೊಂದು ಸಲ ಹೋಗಿಬರೋಣ ಎಂದು ಅವನು ಕೈ ಎತ್ತಿದ್ದ. ಆ ಸಲ ಅವನ ತಮ್ಮ ಬರ್ನಾರ್ಡ್ ತೆಪ್ಪಕ್ಕೂ ಹಡಗಿಗೂ ನಡುವೆ ಬಿದ್ದ. ಹೆಣ ಇನ್ನೂ ಧಕ್ಕೆಯ ಮೇಲೆ ಟಾರ್ಪಾಲಿನಡಿ ಇದ್ದಾಗಲೇ ಅವತ್ತಿನ ಬಂದರಿನ ಸಾಹೇಬ ಬಂದು, ಉಳಿದ ಕಂಟೇನರುಗಳ ಕತೆ ಏನು ಎಂದು ಕೇಳಿದ್ದ. ದಗಾಗೊ ಕ್ರೇನಿನ ಕೆಳಗೆ ಅಡ್ಡ ಕೂತುಬಿಟ್ಟ. ನಮ್ಮವನನ್ನು ಮಣ್ಣಿಗೆ ಇಡುವ ತನಕ ದೋಣಿ ಇಳಿಸಿದವನ ಕಾಲು ಮುರಿಯುತ್ತೇನೆ ಎಂದ. ಆಗ ಕ್ರೇನಿನ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡು, ಕೆಳಗಿಳಿದು ಬಂದು ಅವನ ಪಕ್ಕ ಕೂತವನು ಒಟ್ಟೊ ಅಜ್ಜ. ಅಂದಿನಿಂದ ಅದೇ ಕಟ್ಟಳೆಯಾಯಿತು.

ಅದಕ್ಕೇ ಅವತ್ತು ದಗಾಗೊ ಬೂಟು ಬಿಚ್ಚಿ, ಮನೆಗೆ ಹೋಗಿ, ಬಿಳಿ ಅಂಗಿ ಹಾಕಿಕೊಂಡು ಒಟ್ಟೊ ಅಜ್ಜನ ಮನೆಗೆ ಹೋದ. ಧಕ್ಕೆಯ ಹದಿನೆಂಟು ಜನರೂ ಅಲ್ಲಿ ಬಾದಾಮಿ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದರು. ಹೆಂಗಸರು ಒಳಗೆ ಹಾಡುತ್ತಿದ್ದರು. ಯಾರೋ ಅನ್ನ, ಸುಟ್ಟ ಮೀನು ತಂದಿಟ್ಟರು. ಯಾರೂ ಮುಟ್ಟಲಿಲ್ಲ. ಆ ಮರದಡಿಯಿಂದ ಕಡಲು ಕಾಣುತ್ತಿತ್ತು, ಹಡಗೂ ಕಾಣುತ್ತಿತ್ತು. ಹಡಗು ಅಲುಗುತ್ತಲೂ ಇರಲಿಲ್ಲ.

ತೆಕಾಬು ಪಕ್ಕಕ್ಕೆ ಸರಿದು ಬಂದು ಪಿಸುಗುಟ್ಟಿದ. "ಮೇಸ್ತ್ರಿ, ನೀವೊಂದು ಮಾತು ಹೇಳಿ. ನಾವೆಲ್ಲ ಎದ್ದು ಬರ್ತೀವಿ."

"ಏನಂತ ಹೇಳ್ಲಿ? ನನ್ನ ತಮ್ಮ ಸತ್ತಾಗ ದೋಣಿ ನಿಲ್ಲಿಸಿ, ನನ್ನ ಹೆಂಡ್ತಿಗೆ ಬೇಕಾದಾಗ ಇಳಿಸಿ ಅಂತಲಾ?"

"ವಾರ್ಡಲ್ಲಿ ಅವರೊಬ್ರೇ ಇಲ್ಲವಲ್ಲ."

"ಎಲ್ಲರ ಕಣ್ಣಿಗೆ ಅವಳೊಬ್ಬಳೇ ಕಾಣೋದು. ಸುಮ್ನಿರು."

ತೆಕಾಬು ತನ್ನ ಜಾಗಕ್ಕೆ ಸರಿದ. ಉಳಿದವರಿಗೂ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೇಸ್ತ್ರಿಯೇ ಬಾಯಿ ಬಿಡದಿದ್ದಾಗ ನಾವು ಹೇಗೆ ಎತ್ತುವುದು ಎಂದು ಒಬ್ಬೊಬ್ಬರೂ ನೆಲ ನೋಡುತ್ತಾ ಕೂತರು. ಮರ್ಯಾದೆಗೆ ಕೂತ ಹತ್ತೊಂಬತ್ತು ಗಂಡಸರು. ನನ್ನನ್ನು ಕೇಳಿದರೆ ಆ ಮರ್ಯಾದೆಯನ್ನು ತೆಗೆದು ತಿಪ್ಪೆಗೆ ಎಸೆಯಬೇಕಿತ್ತು. ಆದರೆ ಆ ಬೆಂಚಿನ ಮೇಲೆ ನಾನಿದ್ದಿದ್ದರೂ ನೆಲವನ್ನೇ ನೋಡುತ್ತಿದ್ದೆ. ಎಂಟಾಯಿತು. ಒಂಬತ್ತಾಯಿತು.

ಹತ್ತರ ಹೊತ್ತಿಗೆ ಒಟ್ಟೊ ಅಜ್ಜನ ಹೆಂಡತಿ ಐದಾರೊ ಹೊರಗೆ ಬಂದಳು. ಬೆಂಚನ್ನೊಮ್ಮೆ ನೋಡಿದಳು, ತಲೆಯೆತ್ತಿ ಕಡಲನ್ನೊಮ್ಮೆ ನೋಡಿದಳು.

"ಇದೇನು, ಎಲ್ಲ ಇಲ್ಲೇ ಕೂತಿದೀರಲ್ಲ?"

"ಕಟ್ಟಳೆ ದೊಡ್ಡಮ್ಮ," ಎಂದ ದಗಾಗೊ.

"ಕಟ್ಟಳೆ ಇರೋದು ನಮ್ಮ ಮನೆಯವರಿಗೆ ಮರ್ಯಾದೆ ಅಂತ ತಾನೇ? ಅವರು ಹೆಂಗೆ ಸತ್ರು ಗೊತ್ತೇನೋ ನಿಂಗೆ? ಆ ಡಬ್ಬಿ ಸಿಗದೇ ಸತ್ರು. ಅದೇ ಡಬ್ಬಿ ಅಲ್ಲಿ ಎದುರಿಗೆ ಇಟ್ಟುಕೊಂಡು, ಅವರ ಹೆಸರು ಹೇಳಿಕೊಂಡು ಇಲ್ಲಿ ಕೂತಿದೀರಿ. ನಿನ್ನ ಹೆಂಡ್ತೀನೂ ಅವರ ಜೊತೆ ಕಳಿಸ್ಬೇಕಾ? ಏಳ್ರೋ."

ಹತ್ತೊಂಬತ್ತು ಜನ ಒಟ್ಟಿಗೆ ಎದ್ದರು. ಬಟ್ಟೆ ಬದಲಿಸಲೂ ನಿಲ್ಲಲಿಲ್ಲ.

ಹತ್ತೂವರೆಗೆ ತೆಪ್ಪ ಧಕ್ಕೆ ಬಿಟ್ಟಿತು. ಹೋಗಿ, ಕಟ್ಟಿ, ಇಳಿಸಿಕೊಂಡು, ತಂದು, ಎತ್ತಿ ಇಡುವುದಕ್ಕೆ ಏನು ಮಾಡಿದರೂ ಒಂದೂಕಾಲು ಗಂಟೆ. ಮೊದಲನೆಯ ಕಂಟೇನರು ಬಂತು. ಎರಡನೆಯದೂ ಬಂತು. ಎರಡರ ಮೇಲೂ ಹೊಸ ಬಂದರಿನ ಚೀಟಿ ಅಂಟಿಸಿತ್ತು. ಒಳಗೆ ಏನಿದೆ ಎಂದು ಓದಿ ತೆಕಾಬು ಉಗುಳಿದ. ಧಕ್ಕೆಯ ಉದ್ದಕ್ಕೂ ನಿಲ್ಲಿಸುವ ದೀಪದ ಕಂಬಗಳು.

ಮೂರನೆಯ ಸಲಕ್ಕೆ ಹೊರಟಾಗ ಒಂದು ಗಂಟೆ. ದಗಾಗೊ ತೆಪ್ಪದ ಮೇಲೇ ನಿಂತಿದ್ದ, ಜೊತೆಗೆ ಇನ್ನಿಬ್ಬರು. ಹಡಗಿನ ಪಕ್ಕಕ್ಕೆ ಹೋಗಿ ಹಗ್ಗ ಬಿಗಿಯುವಾಗ ಅವನ ಬಲಗೆನ್ನೆಗೆ ಗಾಳಿ ತಾಗಿತು. ಪಡುವಣದ್ದು. ಮೇಲೆ ಕ್ರೇನಿನ ಕೊಕ್ಕೆ ಆಸ್ಪತ್ರೆಯ ಕಂಟೇನರಿಗೆ ಸಿಕ್ಕಿಸಿ ಆಗಿತ್ತು. ಅದು ಮೊಳದಷ್ಟು ಮೇಲೆದ್ದು, ಹಡಗಿನ ಅಂಚು ದಾಟಿ ಹೊರಗೆ ಬಂದು, ನೇರ ಅವನ ತಲೆಯ ಮೇಲೆ ನಿಂತಿತು. ಅದರ ತಳದ ತುಕ್ಕು ಉದುರಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು.

ಮೊದಲ ತೆರೆ ತೆಪ್ಪವನ್ನು ಆಳೆತ್ತರ ಎತ್ತಿ ಇಳಿಸಿತು. ಎರಡನೆಯದಕ್ಕೆ ಮುಂದಿನ ಹಗ್ಗ ಪಟ್ಟನೆ ಹರಿಯಿತು. ತೆಪ್ಪದ ಮೇಲಿದ್ದ ಹುಡುಗರಲ್ಲಿ ಒಬ್ಬ ಮಂಡಿಯೂರಿ ಬಿದ್ದ. ಅವನ ಕಾಲು ಹಡಗಿಗೂ ತೆಪ್ಪಕ್ಕೂ ನಡುವಿನ ಸಂದಿಯ ಕಡೆ ಜಾರಿತು. ದಗಾಗೊ ಅವನ ಕಾಲರು ಹಿಡಿದು ಎಳೆದುಕೊಂಡ. ಮೇಲಿನಿಂದ ಕ್ರೇನಿನವನು ಕೆಳಗೆ ಬಗ್ಗಿ ಅವನನ್ನೇ ನೋಡುತ್ತಿದ್ದ. ಕೈ ಎತ್ತಿದರೆ ಇಳಿಸುತ್ತಾನೆ. ಇನ್ನೈದು ನಿಮಿಷ ಕಡಲು ತಡೆದುಕೊಂಡಿದ್ದರೆ ಸಾಕಿತ್ತು.

ಅವನು ತೋಳು ಅಡ್ಡ ಹಾಕಿದ. ತಲೆಯ ಮೇಲಿದ್ದ ಪೆಟ್ಟಿಗೆ ನಿಧಾನಕ್ಕೆ ಹಿಂದಕ್ಕೆ ಹೋಯಿತು.

ಒಟ್ಟೊ ಅಜ್ಜನನ್ನು ನಾಲ್ಕಕ್ಕೆ ಮಣ್ಣು ಮಾಡಿದರು. ಐದಕ್ಕೆ ಹಡಗು ಹೊರಟಿತು. ದಗಾಗೊ ಅದೇ ಅಂಗಿಯಲ್ಲಿ ಆಸ್ಪತ್ರೆಗೆ ಹೋದ.

"ಎಷ್ಟು ಬಂತು?" ಎಂದು ಕೇಳಿದಳು ಐಗಿಗು.

"ಎರಡು."

"ನಮ್ದು?"

ಅವನು ಇಲ್ಲವೆಂದು ತಲೆಯಾಡಿಸಿದ. "ಹೊಸ ಬಂದರಿನ ದೀಪದ ಕಂಬ."

ಐಗಿಗುವಿಗೆ ನಗು ಬಂತು, ನಗಲಿಕ್ಕೆ ಉಸಿರು ಸಾಲಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು, "ಎಷ್ಟೊತ್ತಿಗೆ ಹೊರಟ್ರಿ?" ಎಂದಳು.

"ಹತ್ತೂವರೆ."

ಅವಳು ಧಕ್ಕೆಯವನ ಹೆಂಡತಿ. ಅವಳಿಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಆರರಿಂದ ಅವಳೂ ಕಿಟಕಿಯಿಂದ ಆ ಕಡಲನ್ನೇ ನೋಡುತ್ತಾ ಮಲಗಿದ್ದಳು. ಅವನು ಹಾಸಿಗೆಯ ಅಂಚಿಗೆ ಹಣೆ ಇಟ್ಟು, "ನಾನು ಕೇಳ್ಬೇಕಿತ್ತು. ಏಳಕ್ಕೇ ಕೇಳ್ಬೇಕಿತ್ತು. ಬಾಯಿ ಬರಲಿಲ್ಲ," ಎಂದ. ಅವನಿಗೆ ಅಳು ಬಂತು. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಸಿಟ್ಟಿತ್ತೋ ಇಲ್ಲವೋ ಹೇಳಲಿಲ್ಲ.

ಆಮೇಲೆ ಹೇಳಿದಳು, "ಒಂದು ಮಾತು ನಡೆಸಿಕೊಡು. ನಾನು ಹೋದ ದಿನ ಕಡಲು ಸುಮ್ನಿದ್ರೆ, ಹಡಗು ನಿಂತಿದ್ರೆ, ನನಗೋಸ್ಕರ ಯಾರೂ ಬೆಂಚಿನ ಮೇಲೆ ಕೂರೋದು ಬೇಡ."

"ಅಂಥ ಮಾತೆಲ್ಲ ಈಗ್ಯಾಕೆ?"

"ಆಯ್ತು ಅನ್ನು."

"ಆಯ್ತು."

ವಿಮಾನದಲ್ಲಿ ಒಂದಷ್ಟು ಡಬ್ಬಿ ಬಂದವು. ಒಬ್ಬೊಬ್ಬರಿಗೆ ಒಂದೊಂದು ಸಲಕ್ಕೆ ಮಾತ್ರ ಸಾಕಾದವು. ಉಳಿದಿದ್ದ ಆರು ಜನರಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಇಬ್ಬರನ್ನು ಅದೇ ವಿಮಾನದಲ್ಲಿ ಬ್ರಿಸ್ಬೇನಿಗೆ ಕಳಿಸಿದರು. ಐಗಿಗುವಿನ ಹೃದಯ ಅಷ್ಟು ದೂರ ತಡೆಯುವುದಿಲ್ಲ ಎಂದರು ಡಾಕ್ಟರು. ಎಂಟನೆಯ ದಿನ ಅವಳು ಮಾತು ನಿಲ್ಲಿಸಿದಳು. ಹತ್ತನೆಯ ದಿನ ಸಂಜೆ ಹೋದಳು.

ಮರುದಿನ ಬೆಳಿಗ್ಗೆ ಹಡಗು ಪೀಪಾಯಿಗಳ ಹತ್ತಿರ ನಿಂತಿತ್ತು. ಕಡಲು ಸಪಾಟಾಗಿತ್ತು. ಧಕ್ಕೆಯ ಜನ ಬಿಳಿ ಅಂಗಿ ಹಾಕಿಕೊಂಡು ದಗಾಗೊನ ಅಂಗಳಕ್ಕೆ ಬಂದು ಬೆಂಚು ಜೋಡಿಸುತ್ತಿದ್ದರು. ಅವನು ಬೂಟು ಹಾಕಿಕೊಂಡು ಹೊರಗೆ ಬಂದ.

"ಮೇಸ್ತ್ರಿ, ನೀವು ಒಳಗಿರಿ," ಎಂದ ತೆಕಾಬು. "ಇವತ್ತು ಬೇಡ. ಹಡಗು ನಾಳೇನೂ ಇರುತ್ತೆ."

"ಕಡಲು ಇರುತ್ತಾ?"

ತೆಕಾಬು ತಿರುಗಿ ಕಡಲನ್ನು ನೋಡಿದ.

"ವಾರ್ಡಲ್ಲಿ ಇನ್ನೂ ಮೂವರಿದಾರೆ. ಅವಳೇ ಹೇಳಿ ಹೋಗಿದಾಳೆ. ನಡೀರಿ."

ಈ ಸಲ ಆಸ್ಪತ್ರೆಯ ಕಂಟೇನರಿನ ಮೇಲೆ ಬೇರೇನೂ ಇರಲಿಲ್ಲ. ಹಗ್ಗ ಕಟ್ಟಿದ ಹತ್ತು ನಿಮಿಷಕ್ಕೆ ಅದು ತೆಪ್ಪದ ಮೇಲೆ ಕೂತಿತು, ಒಂದು ಹನಿ ನೀರೂ ಚಿಮ್ಮಲಿಲ್ಲ. ದಗಾಗೊ ಅದರ ನಾಲ್ಕು ಮೂಲೆಯ ಸರಪಳಿಯನ್ನೂ ಎಳೆದು ನೋಡಿದ. ಆಗ ಅವನ ಸೊಂಟದ ವಾಕಿಟಾಕಿ ಕರಕರ ಎಂದಿತು. ಹಡಗಿನ ಕ್ಯಾಪ್ಟನ್. ಊರಿನ ಸುದ್ದಿ ಒಂದೂ ಗೊತ್ತಿಲ್ಲದ ಮನುಷ್ಯ, ಮಾತಿನಲ್ಲಿ ಖುಷಿ ಇತ್ತು.

"ಬೆಳಿಗ್ಗೆ ಏಳಕ್ಕೇ ಬಂದ್ಬಿಟ್ರಲ್ಲ ಮೇಸ್ತ್ರಿ. ಹೋದ ಸಲಾನೂ ಹೀಗೇ ಬಂದಿದ್ರೆ ಅವತ್ತೇ ಮುಗಿದು ಹೋಗ್ತಿತ್ತು."

ದಗಾಗೊ ಗುಂಡಿ ಒತ್ತಿದ.

"ಹೌದು," ಎಂದ, ಮತ್ತೆ ತೆಕಾಬುವಿಗೆ ಎಳೆ ಎಂದು ಕೈ ಎತ್ತಿದ.